ಜೌಗು ನೆಲದ ಇಂಗಾಲ, ಜೌಗು ನೆಲದ ನೀರು: ಓದುಗರ ಪ್ರಶ್ನೆಗಳಿಗೆ ಉತ್ತರ

ಉಷ್ಣವಲಯದ ಜೌಗು ನೆಲಗಳ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಂಚಿಕೆಯ ಅಂಕಣ ಮೀಸಲು. ಒಂದೇ ವಿಷಯ ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿ ಒಂದೊಂದೇ ಪ್ರಶ್ನೆಯಾಗಿ ಕೊಟ್ಟಿದ್ದೇವೆ.

ಪ್ರಶ್ನೆ: ಜೌಗು ನೆಲ ಇಂಗಾಲವನ್ನು ಹಿಡಿದಿಡುತ್ತದೆ ಎಂದು ಒಂದು ಕಡೆ ಓದುತ್ತೇವೆ, ಮೀಥೇನ್ ಬಿಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ ಎಂದು ಇನ್ನೊಂದು ಕಡೆ. ಯಾವುದನ್ನು ನಂಬಬೇಕು?

ಉತ್ತರ: ಎರಡೂ ನಿಜ. ಎರಡಕ್ಕೂ ಕಾರಣ ಒಂದೇ. ನೀರು ನಿಂತ ಮಣ್ಣಿಗೆ ಗಾಳಿ ಇಳಿಯುವುದಿಲ್ಲ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ನೀರಿನಲ್ಲಿ ಹರಡುತ್ತದೆ. ಹಾಗಾಗಿ ಬಿದ್ದ ಎಲೆ, ಸತ್ತ ಬೇರು ಪೂರ್ತಿ ಕೊಳೆಯದೆ ಉಳಿದು ಪದರ ಪದರವಾಗಿ ಪೀಟ್ ಆಗುತ್ತದೆ. ಕೊಳೆತ ಭಾಗದಲ್ಲೂ ಒಂದಷ್ಟು ಇಂಗಾಲ ಮೀಥೇನ್ ರೂಪದಲ್ಲಿ ಹೊರಬೀಳುತ್ತದೆ.

ಲೆಕ್ಕ ಹಾಕಿ ನೋಡೋಣ. ಒಂದು ಜೌಗು ವರ್ಷಕ್ಕೆ ಚದರ ಮೀಟರಿಗೆ ನಿವ್ವಳ 300 ಗ್ರಾಂ ಇಂಗಾಲ ಹೀರುತ್ತದೆ ಎಂದುಕೊಳ್ಳಿ. ಅದು 1,100 ಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮ. ನೂರು ವರ್ಷದ ಲೆಕ್ಕದಲ್ಲಿ ಒಂದು ಗ್ರಾಂ ಮೀಥೇನ್ 27 ಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮ. 1,100ನ್ನು 27ರಿಂದ ಭಾಗಿಸಿದರೆ ಸುಮಾರು 41 ಗ್ರಾಂ. ಅಂದರೆ ದಿನಕ್ಕೆ 0.11 ಗ್ರಾಂ ಮೀಥೇನ್ ಹೊರಬಿದ್ದರೂ ಹೀರಿದ ಲಾಭವೆಲ್ಲ ಕಾಗದದ ಮೇಲೆ ಸರಿಹೋಗುತ್ತದೆ. ಇಪ್ಪತ್ತು ವರ್ಷದ ಲೆಕ್ಕ ಹಿಡಿದರೆ ಗುಣಕ ಸುಮಾರು 80ಕ್ಕೆ ಏರುತ್ತದೆ. ಆಗ ವರ್ಷಕ್ಕೆ 14 ಗ್ರಾಂ ಸಾಕು.

ಆದರೆ ಈ ಗುಣಕ ಇರುವುದು ಇವತ್ತು ಒಮ್ಮೆಗೇ ಹೊರಬಿಟ್ಟ ಅನಿಲಕ್ಕೆ. ಸಾವಿರಾರು ವರ್ಷಗಳಿಂದ ಒಂದೇ ಸಮನೆ ಮೀಥೇನ್ ಬಿಡುತ್ತಿರುವ ಜೌಗಿಗೆ ಅದನ್ನು ಹಾಗೇ ಅಂಟಿಸುವುದು ತಪ್ಪು. ವಾತಾವರಣಕ್ಕೆ ಸೇರಿದ ಮೀಥೇನ್ ಸುಮಾರು ಹನ್ನೆರಡು ವರ್ಷದಲ್ಲಿ ಕರಗುತ್ತದೆ. ಹಳೆಯ ಜೌಗು ಹೊಸದಾಗಿ ಬಿಡುವುದೂ ಹಳೆಯದು ಕರಗುವುದೂ ಸರಿಸಮ ಆಗಿಬಿಟ್ಟಿರುತ್ತದೆ, ಆದರೆ ಅದು ಹೂತಿಟ್ಟ ಇಂಗಾಲ ಕೂಡುತ್ತಲೇ ಹೋಗುತ್ತದೆ. ಹೊಸದಾಗಿ ನೀರು ನಿಲ್ಲಿಸಿದ ಜಾಗದ ಕಥೆ ಬೇರೆ, ಅಲ್ಲಿ ಮೊದಲ ಕೆಲವು ದಶಕ ಮೀಥೇನಿನ ಕೈ ಮೇಲಾಗಬಹುದು.

ಹಾಗೆಂದು ಮೀಥೇನ್ ತಪ್ಪಿಸಲು ಪೀಟ್ ನೆಲವನ್ನು ಬಸಿದುಬಿಡೋಣ ಎನ್ನುವ ವಾದ ಖಂಡಿತ ನಿಲ್ಲುವುದಿಲ್ಲ. ಬಸಿದು ತಾಳೆಎಣ್ಣೆ ಗಿಡ ಹಾಕಿದ ಉಷ್ಣವಲಯದ ಪೀಟ್ ನೆಲಕ್ಕೆ ಐಪಿಸಿಸಿ (ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ) ಕೊಟ್ಟಿರುವ ಅಂಕಿ ವರ್ಷಕ್ಕೆ ಹೆಕ್ಟೇರಿಗೆ 11 ಟನ್ ಇಂಗಾಲ. ಅದು ಚದರ ಮೀಟರಿಗೆ 1,100 ಗ್ರಾಂ; ಮೇಲಿನ ಉದಾಹರಣೆಯ ಜೌಗು ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಕೂಡಿಟ್ಟದ್ದು ಒಂದೇ ವರ್ಷದಲ್ಲಿ ಖಾಲಿ.

ಪ್ರಶ್ನೆ: ನೀರಿನ ಮಟ್ಟ ಹತ್ತು ಸೆಂಟಿಮೀಟರ್ ಏರಿಳಿದರೆ ಅನಿಲದ ಪ್ರಮಾಣ ಇಷ್ಟೊಂದು ಬದಲಾಗುವುದೇಕೆ?

ಉತ್ತರ: ಕೊಳೆಸುವ ಸೂಕ್ಷ್ಮಜೀವಿಗಳಿಗೆ ಇಲೆಕ್ಟ್ರಾನ್ ಒಪ್ಪಿಸಲು ಯಾವುದಾದರೂ ಒಂದು ವಸ್ತು ಬೇಕು. ಅದಕ್ಕೊಂದು ಸರದಿ ಇದೆ. ಮೊದಲು ಆಮ್ಲಜನಕ, ಅದು ಮುಗಿದರೆ ನೈಟ್ರೇಟ್, ಆಮೇಲೆ ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟ್. ಇವೆಲ್ಲ ಮುಗಿದ ಮೇಲೆ ಮೀಥೇನ್ ಮಾಡುವ ಜೀವಿಗಳ ಪಾಳಿ. ನೀರು ನೆಲದ ಮಟ್ಟಕ್ಕಿದ್ದಾಗ ಈ ಸರದಿ ಕೆಲವೇ ಮಿಲಿಮೀಟರ್ ಆಳದಲ್ಲಿ ಕೊನೆ ಮುಟ್ಟುತ್ತದೆ. ನೀರು ಹತ್ತು ಸೆಂಟಿಮೀಟರ್ ಇಳಿದರೆ ಆ ಪದರಕ್ಕೆ ಗಾಳಿ ಬರುತ್ತದೆ; ಕೆಳಗಿನಿಂದ ಏರಿ ಬರುವ ಮೀಥೇನನ್ನು ಅಲ್ಲಿರುವ ಬೇರೊಂದು ಬಗೆಯ ಬ್ಯಾಕ್ಟೀರಿಯಾಗಳು ತಿಂದು ಇಂಗಾಲದ ಡೈಆಕ್ಸೈಡ್ ಮಾಡುತ್ತವೆ.

ಕೆಸರಿನಿಂದ ಒಂದು ಆಪಿನ ಬುಡವನ್ನು ಮೆಲ್ಲಗೆ ಕಿತ್ತು ತೊಳೆದು ನೋಡಿ. ಸುತ್ತಲಿನ ಮಣ್ಣು ಬೂದಿ ಬಣ್ಣ, ಬೇರಿನ ಮೇಲೆ ಮಾತ್ರ ತೆಳ್ಳನೆಯ ಕಿತ್ತಳೆ ಬಣ್ಣದ ತುಕ್ಕು. ಕಾಂಡವನ್ನು ಅಡ್ಡ ಕೊಯ್ದರೆ ಒಳಗೆ ಜೇನುಗೂಡಿನಂತೆ ಗಾಳಿಕೋಶಗಳು. ಎಲೆಯಿಂದ ಇಳಿದ ಆಮ್ಲಜನಕ ಈ ಕೋಶಗಳ ಮೂಲಕ ಬೇರಿಗೆ ಬಂದು ಮಣ್ಣಿಗೆ ಸೋರುತ್ತದೆ, ಅಲ್ಲಿಯ ಕಬ್ಬಿಣ ತುಕ್ಕಾಗುತ್ತದೆ. ಅದೇ ಕೊಳವೆಯಲ್ಲಿ ಮೀಥೇನ್ ಮೇಲಕ್ಕೆ ಹೋಗುತ್ತದೆ. ಒಂದೇ ಗಿಡ ಮೀಥೇನನ್ನು ಸುಡಿಸುವುದೂ ಹೌದು, ಸಾಗಿಸುವುದೂ ಹೌದು.

ಅಳತೆ ಮಾಡುವವರು ಗಮನಿಸಬೇಕಾದ ಮಾತೊಂದಿದೆ. ಒಣಗಿದ ಅವಧಿಯಲ್ಲಿ ಕಬ್ಬಿಣ ಮತ್ತೆ ತುಕ್ಕಾಗಿ, ಸಲ್ಫೈಡ್ ಮತ್ತೆ ಸಲ್ಫೇಟಾಗಿ ‘ಚಾರ್ಜ್’ ಆಗಿರುತ್ತದೆ. ನೀರು ಮತ್ತೆ ತುಂಬಿದಾಗ ಅದು ಖರ್ಚಾಗುವ ತನಕ ಮೀಥೇನ್ ಏಳುವುದಿಲ್ಲ. ಕೆಲವು ದಿನದಿಂದ ಕೆಲವು ವಾರವೇ ಹಿಡಿಯಬಹುದು. ನೆರೆ ಬಂದ ಮೊದಲ ವಾರ ಅಳೆದು ‘ಇಲ್ಲಿ ಮೀಥೇನ್ ಇಲ್ಲ’ ಎಂದು ಬರೆದರೆ ಮೋಸ ಹೋದಂತೆ.

ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ಮೀಥೇನ್ ಕಡಿಮೆ ಏಕೆ ಎಂದು ಇನ್ನೊಬ್ಬರು ಕೇಳಿದ್ದರು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 2.7 ಗ್ರಾಂ ಸಲ್ಫೇಟ್ ಇರುತ್ತದೆ, ಸರದಿ ಅಲ್ಲೇ ನಿಂತುಬಿಡುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದರ ಗುರುತು. ಉಪ್ಪಿನಂಶ ಸಾವಿರಕ್ಕೆ 18 ಭಾಗ ದಾಟಿದ ಕಡೆ ಮೀಥೇನ್ ಸಾಮಾನ್ಯವಾಗಿ ತೀರ ಕಡಿಮೆ. ಸಿಹಿನೀರು ಬೆರೆಯುವ ಅಳಿವೆಗಳಲ್ಲಿ ಹಾಗೆ ಹೇಳಲಾಗದು.

ಪ್ರಶ್ನೆ: ನಮ್ಮ ವಿದ್ಯಾರ್ಥಿಗಳು ಮುಚ್ಚಿದ ಡಬ್ಬಿಯ ವಿಧಾನದಲ್ಲಿ (ನೆಲದ ಮೇಲೆ ಡಬ್ಬಿ ಮುಚ್ಚಿ, ಒಳಗೆ ಅನಿಲ ಎಷ್ಟು ಬೇಗ ಏರುತ್ತದೆಂದು ನೋಡಿ) ಮೀಥೇನ್ ಅಳೆಯುತ್ತಿದ್ದಾರೆ. ಒಮ್ಮೆ ನೇರ ಗೆರೆ ಬರುತ್ತದೆ, ಒಮ್ಮೆ ಮಧ್ಯದಲ್ಲಿ ಹಾರುತ್ತದೆ, ಒಮ್ಮೆ ಮೊದಲ ಮಾದರಿಯೇ ವಿಪರೀತ. ಎಲ್ಲಿ ತಪ್ಪುತ್ತಿದೆ?

ಉತ್ತರ: ಮೊದಲ ಮಾದರಿಯಿಂದಲೇ ಶುರು ಮಾಡೋಣ, ಅದು ಎಲ್ಲಕ್ಕಿಂತ ಹೆಚ್ಚು ಹೇಳುತ್ತದೆ. ಹೊರಗಿನ ಗಾಳಿಯಲ್ಲಿ ಮೀಥೇನ್ ಸುಮಾರು 2 ಪಿಪಿಎಂ (ಹತ್ತು ಲಕ್ಷಕ್ಕೆ 2 ಭಾಗ). ಡಬ್ಬಿ ಮುಚ್ಚಿದ ಕ್ಷಣದ ಮಾದರಿ 2ರ ಆಸುಪಾಸಿನಲ್ಲೇ ಇರಬೇಕು. 6 ಅಥವಾ 10 ಎಂದು ಬಂದರೆ ಕೆಸರನ್ನು ತುಳಿದು ಗುಳ್ಳೆ ಎಬ್ಬಿಸಿದ್ದೀರಿ ಎಂದೇ ಅರ್ಥ. ಆ ಸಲದ ಅಳತೆ ಬಿಟ್ಟುಬಿಡಿ. ಇದಕ್ಕೆ ಹಲಗೆಯ ಕಾಲುದಾರಿಯೊಂದೇ ಮದ್ದು. ಹಲಗೆಯ ಗೂಟಗಳು ಡಬ್ಬಿ ಕೂರಿಸುವ ಉಂಗುರದಿಂದ ಕನಿಷ್ಠ ಒಂದು ಮೀಟರ್ ದೂರವಿರಲಿ, ಇಲ್ಲದಿದ್ದರೆ ನಡೆಯುವವರ ಭಾರ ಗೂಟದ ಮೂಲಕ ಕೆಸರಿಗೆ ಹೋಗುತ್ತದೆ.

25ರಿಂದ 30 ಸೆಂಟಿಮೀಟರ್ ವ್ಯಾಸದ ಪಿವಿಸಿ ಉಂಗುರವನ್ನು 5ರಿಂದ 10 ಸೆಂಟಿಮೀಟರ್ ಆಳಕ್ಕೆ ಒಂದು ದಿನ ಮೊದಲೇ ಇಳಿಸಿಡಿ. ಆಗತಾನೆ ಕೂರಿಸಿದ ಉಂಗುರ ಬೇರು ಕತ್ತರಿಸಿರುತ್ತದೆ, ಕೆಸರು ಕಲಕಿರುತ್ತದೆ. ಮುಚ್ಚುವ ಡಬ್ಬಿಯೊಳಗೆ ಚಿಕ್ಕ ಫ್ಯಾನ್, ಒತ್ತಡ ಸಮವಾಗಲು ತೆಳು ಕೊಳವೆಯೊಂದು, ತಾಪಮಾಪಕ ಇರಬೇಕು. ಕೊಳವೆ ಇಲ್ಲದ ಡಬ್ಬಿಯನ್ನು ಒತ್ತಿ ಮುಚ್ಚಿದಾಗ ಒಳಗಿನ ಒತ್ತಡ ಏರಿ ಮಣ್ಣಿನ ಅನಿಲ ಹೊರಬರುವುದು ತಡೆಯುತ್ತದೆ, ಸಿರಿಂಜಿನಿಂದ ಎಳೆದಾಗ ತದ್ವಿರುದ್ಧ. ಸಿರಿಂಜಿನಲ್ಲಿ ಮಾದರಿ ತೆಗೆಯುವವರು 20ರಿಂದ 30 ನಿಮಿಷದಲ್ಲಿ ನಾಲ್ಕೈದು ಮಾದರಿ ತೆಗೆಯಲಿ. ಲೇಸರ್ ವಿಶ್ಲೇಷಕ ಇದ್ದರೆ ಮೂರರಿಂದ ಐದು ನಿಮಿಷ ಸಾಕು; ಎಷ್ಟು ಬೇಗ ತೆಗೆದರೆ ಅಷ್ಟು ಒಳ್ಳೆಯದು, ಬಿಸಿಲಿನಲ್ಲಿ ಪಾರದರ್ಶಕ ಡಬ್ಬಿ ನೋಡುನೋಡುತ್ತಲೇ ಕಾಯುತ್ತದೆ.

ಲೆಕ್ಕ ಹೀಗೆ: ಏರಿಕೆಯ ವೇಗ × ಡಬ್ಬಿಯ ಎತ್ತರ × ಗಾಳಿಯ ಮೋಲಾರ್ ಸಾಂದ್ರತೆ. ಎತ್ತರ 0.3 ಮೀಟರ್, ನಿಮಿಷಕ್ಕೆ 0.5 ಪಿಪಿಎಂ ಏರಿಕೆ ಎನ್ನಿ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸಮುದ್ರಮಟ್ಟದ ಒತ್ತಡದಲ್ಲಿ, ಒಂದು ಘನ ಮೀಟರ್ ಗಾಳಿಯಲ್ಲಿ 40.2 ಮೋಲ್. 0.5 × 0.3 × 40.2 = 6.03 ಮೈಕ್ರೊಮೋಲ್, ಚದರ ಮೀಟರಿಗೆ, ನಿಮಿಷಕ್ಕೆ. 60ರಿಂದ ಭಾಗಿಸಿದರೆ ಸೆಕೆಂಡಿಗೆ 0.1 ಮೈಕ್ರೊಮೋಲ್, ಅಂದರೆ 100 ನ್ಯಾನೊಮೋಲ್. ದಿನಕ್ಕೆ ಸುಮಾರು 0.14 ಗ್ರಾಂ ಮೀಥೇನ್. ಮೊದಲ ಉತ್ತರದ 0.11 ಗ್ರಾಂ ಜೊತೆ ಹೋಲಿಸಿ ನೋಡಿ, ಅಂಕಿಗೆ ಜೀವ ಬರುತ್ತದೆ. ಎತ್ತರ ಹಾಕುವಾಗ ನೀರಿನ ಮೇಲ್ಮೈಯಿಂದ ಡಬ್ಬಿಯ ನೆತ್ತಿಯವರೆಗೆ ಅಳೆಯಿರಿ. ನೀರು ಪ್ರತಿ ಸಲ ಬೇರೆ ಮಟ್ಟದಲ್ಲಿರುತ್ತದೆ. ಡಬ್ಬಿಯ ಎತ್ತರವನ್ನೇ ಕಣ್ಣುಮುಚ್ಚಿ ಹಾಕುವುದು ವಿದ್ಯಾರ್ಥಿಗಳ ವರದಿಗಳಲ್ಲಿ ಪದೇ ಪದೇ ಕಾಣುವ ತಪ್ಪು.

ಇನ್ನು ಮಧ್ಯದ ಜಿಗಿತ. ಅದು ಗುಳ್ಳೆ. ‘ಗೆರೆ ನೇರವಿಲ್ಲ’ ಎಂದು ಅದನ್ನು ಕಸಕ್ಕೆ ಹಾಕುವ ಅಭ್ಯಾಸ ದಯವಿಟ್ಟು ಬಿಡಿ. ಗುಳ್ಳೆ ಉಷ್ಣವಲಯದ ಜೌಗುಗಳಲ್ಲಿ ಮೀಥೇನಿನ ದೊಡ್ಡ ದಾರಿ. ಹಾರಿದ ಅಳತೆಗಳನ್ನೆಲ್ಲ ತೆಗೆದುಹಾಕಿದರೆ ನಿಮ್ಮ ಸರಾಸರಿ ಸುಂದರವಾಗಿ ಕಾಣುತ್ತದೆ, ಆದರೆ ಸುಳ್ಳಾಗಿರುತ್ತದೆ. ಜಿಗಿತದ ಮುಂಚಿನ ಇಳಿಜಾರನ್ನು ಹರಡುವಿಕೆಗೆ, ಜಿಗಿತವನ್ನು ಗುಳ್ಳೆಗೆ ಬೇರೆ ಬೇರೆ ಬರೆದಿಡಿ. ಗುಳ್ಳೆ ಬಿಟ್ಟು ಬಿಟ್ಟು ಬರುವುದರಿಂದ ಅರ್ಧ ಗಂಟೆಯ ಡಬ್ಬಿ ಅದನ್ನು ಹಿಡಿಯುವುದು ಅದೃಷ್ಟದ ಮಾತು. ತಲೆಕೆಳಗಾದ ಆಲಿಕೆಯನ್ನು ನೀರಿನಡಿ ಕಟ್ಟಿ, ಅದರ ಕೊರಳಿಗೆ ನೀರು ತುಂಬಿದ ಅಳತೆ ಕೊಳವೆ ಸಿಕ್ಕಿಸಿ ಒಂದೆರಡು ದಿನ ಬಿಡಿ. ಅನಿಲ ಕೂಡಿ ನೀರನ್ನು ಕೆಳಗೆ ತಳ್ಳುತ್ತದೆ.

ಪ್ರಶ್ನೆ: ಗೋಪುರದ ಮೇಲೆ ಉಪಕರಣ ಕಟ್ಟಿ ಇಡೀ ಜೌಗಿನ ಉಸಿರಾಟ ಅಳೆಯುತ್ತಾರಂತೆ. ಅದು ಎಷ್ಟು ನಂಬಬಹುದಾದದ್ದು?

ಉತ್ತರ: ಎಡ್ಡಿ ಕೋವೇರಿಯನ್ಸ್ ಎಂಬ ಈ ವಿಧಾನದ ತಿರುಳು ಸರಳ. ಗಾಳಿ ನೆಲದ ಮೇಲೆ ಸುಳಿ ಸುಳಿಯಾಗಿ ಮೇಲೆ ಕೆಳಗೆ ಚಲಿಸುತ್ತದೆ. ಮೇಲೇರುವ ಸುಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆ, ಇಳಿಯುವ ಸುಳಿಯಲ್ಲಿ ಹೆಚ್ಚು ಇದ್ದರೆ ಕೆಳಗಿನ ಗಿಡಗಳು ಅದನ್ನು ಹೀರುತ್ತಿವೆ ಎಂದರ್ಥ. ಸೋನಿಕ್ ಅನಿಮೋಮೀಟರ್ ಗಾಳಿಯ ವೇಗವನ್ನು, ಅತಿಗೆಂಪು ವಿಶ್ಲೇಷಕ ಅನಿಲ ಮತ್ತು ನೀರಾವಿಯನ್ನು ಸೆಕೆಂಡಿಗೆ 10 ಅಥವಾ 20 ಸಲ ಅಳೆಯುತ್ತವೆ. ಅರ್ಧ ಗಂಟೆಗೊಮ್ಮೆ ಎರಡರ ಸಹವ್ಯತ್ಯಯ (ಎರಡೂ ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬ ಅಳತೆ) ತೆಗೆದರೆ ವಿನಿಮಯದ ದರ ಸಿಗುತ್ತದೆ. ಅದೇ ಗೋಪುರದಿಂದ ಇಂಗಾಲವೂ ನೀರೂ ಒಟ್ಟಿಗೆ ಸಿಗುವುದು ಇದರ ದೊಡ್ಡ ಲಾಭ. ನೆನಪಿಗೆ: ಸೆಕೆಂಡಿಗೆ 1 ಮೈಕ್ರೊಮೋಲ್ ಇಂಗಾಲದ ಡೈಆಕ್ಸೈಡ್ ಎಂದರೆ ದಿನಕ್ಕೆ 1.04 ಗ್ರಾಂ ಇಂಗಾಲ.

ಹಗಲು ಚೆನ್ನಾಗಿ ನಂಬಬಹುದು. ಎಡವುವುದು ರಾತ್ರಿ. ಗಾಳಿ ಸತ್ತಾಗ ಸುಳಿಗಳೂ ಸಾಯುತ್ತವೆ. ಕಾಡು ಉಸಿರಾಡುತ್ತಲೇ ಇರುತ್ತದೆ, ಆ ಅನಿಲ ಮರಗಳ ಕೆಳಗೆ ಕೂಡಿಕೊಳ್ಳುತ್ತದೆ ಅಥವಾ ತಗ್ಗಿಗೆ ಹರಿದುಹೋಗುತ್ತದೆ. ಗೋಪುರದ ತುದಿಯ ಉಪಕರಣಕ್ಕೆ ಅದು ಕಾಣುವುದೇ ಇಲ್ಲ. ಹಗಲು ಹೀರಿದ್ದು ಪೂರ್ತಿ ಲೆಕ್ಕಕ್ಕೆ, ರಾತ್ರಿ ಬಿಟ್ಟದ್ದು ಅರ್ಧ ಲೆಕ್ಕಕ್ಕೆ. ವರ್ಷದ ಕೊನೆಗೆ ಆ ಜಾಗ ಭಾರೀ ಇಂಗಾಲ ಭಂಡಾರದಂತೆ ಕಾಣುತ್ತದೆ. ಅಮೆಜಾನ್ ಕಾಡಿನ ಆರಂಭದ ಕೆಲವು ಅಂದಾಜುಗಳನ್ನು ಮುಂದೆ ತಗ್ಗಿಸಬೇಕಾಗಿ ಬಂದದ್ದು ಈ ಕಾರಣಕ್ಕೇ. ಪರಿಹಾರ ಎರಡು: ಸುಳಿಗಳ ಬಲವನ್ನು ತೋರಿಸುವ ಘರ್ಷಣ ವೇಗ ಒಂದು ಮಿತಿಗಿಂತ (ಜಾಗಕ್ಕೆ ತಕ್ಕಂತೆ ಸೆಕೆಂಡಿಗೆ 0.1ರಿಂದ 0.2 ಮೀಟರ್ ಆಸುಪಾಸು) ಕಡಿಮೆಯಾದ ಅರ್ಧ ಗಂಟೆಗಳನ್ನು ತೆಗೆದುಹಾಕುವುದು, ಮತ್ತು ಗೋಪುರದ ಉದ್ದಕ್ಕೂ ನಾಲ್ಕಾರು ಎತ್ತರದಲ್ಲಿ ಗಾಳಿ ಎಳೆದು ಒಳಗೆ ಕೂಡಿಕೊಂಡ ಅನಿಲವನ್ನು ಲೆಕ್ಕಕ್ಕೆ ಸೇರಿಸುವುದು. ಎತ್ತರದ ಕಾಡಿನಲ್ಲಿ ಎರಡನೆಯದು ಇಲ್ಲದ ಅಂಕಿಯನ್ನು ಒಪ್ಪಬಾರದು.

ಗಾಳಿ ನೇರವಾಗಿ ಹಾದುಹೋಗುವ ತೆರೆದ ಮಾದರಿಯ ವಿಶ್ಲೇಷಕಗಳಲ್ಲಿ ಇನ್ನೊಂದು ಬಲೆ ಇದೆ. ಬಿಸಿ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿಯಲ್ಲಿ ಎಲ್ಲ ಅನಿಲವೂ ವಿರಳ. ಉಪಕರಣ ಇದನ್ನೇ ‘ಗಿಡ ಹೀರಿತು’ ಎಂದು ಓದುತ್ತದೆ. ನೆಲದಿಂದ ಗಾಳಿಗೆ ಹೋಗುವ ಶಾಖ ಚದರ ಮೀಟರಿಗೆ 100 ವ್ಯಾಟ್ ಇದ್ದರೆ ಈ ತಪ್ಪು ಸೆಕೆಂಡಿಗೆ 4ರಿಂದ 5 ಮೈಕ್ರೊಮೋಲ್. ನಿಜವಾದ ವಿನಿಮಯದ ಅರ್ಧದಷ್ಟಾದರೂ ಆಶ್ಚರ್ಯವಿಲ್ಲ. ವೆಬ್, ಪಿಯರ್‌ಮನ್, ಲೂನಿಂಗ್ 1980ರಲ್ಲಿ ಕೊಟ್ಟ ತಿದ್ದುಪಡಿ ಇದಕ್ಕೇ ಇರುವುದು. ಮಳೆ ಹನಿ ಕನ್ನಡಿಯ ಮೇಲೆ ಕೂತರಂತೂ ದತ್ತಾಂಶವೇ ಇಲ್ಲ. ಮಳೆಗಾಲವಿಡೀ ಖಾಲಿ ಬಿಟ್ಟು, ಬೇಸಿಗೆಯ ಅಂಕಿಯಿಂದ ತುಂಬಿಸಿದ ವಾರ್ಷಿಕ ಮೊತ್ತವನ್ನು ಎಚ್ಚರದಿಂದ ಓದಿ.

ಪ್ರಶ್ನೆ: ನಮ್ಮ ಗೋಪುರದ ಶಕ್ತಿ ಲೆಕ್ಕ ಕೂಡಿಬರುತ್ತಿಲ್ಲ. ಸೂರ್ಯನಿಂದ ಬಂದ ನಿವ್ವಳ ವಿಕಿರಣದಲ್ಲಿ ಬೆಳಗಿನ ಹೊತ್ತು ಅರ್ಧದಷ್ಟೇ ಶಾಖ ಮತ್ತು ಆವಿಯಾಗಿ ಕಾಣುತ್ತದೆ. ಉಪಕರಣ ಕೆಟ್ಟಿದೆಯೇ?

ಉತ್ತರ: ನಿಂತ ನೀರನ್ನು ಮರೆತಿದ್ದೀರಿ. ಅರ್ಧ ಮೀಟರ್ ಆಳದ ನೀರು ಬೆಳಗ್ಗೆ 8ರಿಂದ ಮಧ್ಯಾಹ್ನ 2ರೊಳಗೆ 2 ಡಿಗ್ರಿ ಬಿಸಿಯಾದರೆ ಅದು ಒಳಗೆ ಎಳೆದುಕೊಂಡ ಶಕ್ತಿ ಚದರ ಮೀಟರಿಗೆ ಸರಾಸರಿ 190 ವ್ಯಾಟಿಗೂ ಹೆಚ್ಚು. ರಾತ್ರಿ ಅದೇ ಹೊರಬರುತ್ತದೆ, ಹಾಗಾಗಿ ಜೌಗು ಕತ್ತಲಾದ ಮೇಲೂ ಆವಿ ಬಿಡುತ್ತದೆ. ನೀರಿನಲ್ಲಿ ಮೇಲ್ಮೈ, ನಡು, ತಳ ಹೀಗೆ ಕನಿಷ್ಠ ಮೂರು ಆಳದಲ್ಲಿ ತಾಪಮಾಪಕ ಇಳಿಸಿ, ನೀರಿನ ಆಳವನ್ನೂ ಜೊತೆಗೇ ದಾಖಲಿಸಿ. ಇಷ್ಟು ಮಾಡಿದ ಮೇಲೂ ನೂರಕ್ಕೆ ಹತ್ತರಿಂದ ಮೂವತ್ತು ಕೊರತೆ ಉಳಿಯುವುದು ಜಗತ್ತಿನ ಹೆಚ್ಚಿನ ಗೋಪುರಗಳಲ್ಲಿ ಸಾಮಾನ್ಯ.

ಪ್ರಶ್ನೆ: ಜೌಗಿನ ಕೊಳವೆಬಾವಿಯಲ್ಲಿ ಇಳಿಬಿಟ್ಟ ಒತ್ತಡ ಮಾಪಕ ಪ್ರತಿದಿನ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ನೀರು ಮೂರು ಸೆಂಟಿಮೀಟರ್ ಇಳಿದಂತೆ ತೋರಿಸುತ್ತದೆ. ಇದು ಗಿಡಗಳು ಕುಡಿದ ನೀರೇ?

ಉತ್ತರ: ನಿಮ್ಮ ಮಾಪಕ ಗಾಳಿಗೆ ತೆರೆದುಕೊಂಡ ಕೊಳವೆ ಇಲ್ಲದ ಮಾದರಿಯದ್ದಾದರೆ ಬಹುಮಟ್ಟಿಗೆ ಅಲ್ಲ. ಅಂಥದ್ದು ನೀರಿನ ಭಾರದ ಜೊತೆ ಗಾಳಿಯ ಭಾರವನ್ನೂ ಅಳೆಯುತ್ತದೆ. ಉಷ್ಣವಲಯದಲ್ಲಿ ವಾಯುಭಾರ ದಿನಕ್ಕೆರಡು ಸಲ ಉಬ್ಬರವಿಳಿತ ಕಾಣುತ್ತದೆ. ಬೆಳಗ್ಗೆ ಹತ್ತಕ್ಕೂ ರಾತ್ರಿ ಹತ್ತಕ್ಕೂ ಏರು, ಬೆಳಗಿನ ಜಾವ ನಾಲ್ಕಕ್ಕೂ ಸಂಜೆ ನಾಲ್ಕಕ್ಕೂ ಇಳಿತ. ಹಗಲಿನ ಇಳಿತ ಸುಮಾರು 3 ಹೆಕ್ಟೊಪಾಸ್ಕಲ್. ಒಂದು ಹೆಕ್ಟೊಪಾಸ್ಕಲ್ ಎಂದರೆ 1.02 ಸೆಂಟಿಮೀಟರ್ ನೀರು. ಮೂರು ಸೆಂಟಿಮೀಟರ್ ಅಲ್ಲಿಗೆ ಲೆಕ್ಕ ಸಿಕ್ಕಿತು! ಗಿಡಗಳು ನೀರು ಕುಡಿಯುವ ಹೊತ್ತಿಗೇ ಈ ಇಳಿತವೂ ಬರುವುದರಿಂದ ಎಂಥವರೂ ಬೇಸ್ತು ಬೀಳುತ್ತಾರೆ. ಗುಟ್ಟು ಒಡೆಯುವುದು ರಾತ್ರಿ: ಹತ್ತರಿಂದ ನಾಲ್ಕರ ನಡುವೆ ಇನ್ನೊಂದು ಇಳಿತ ಕಂಡರೆ ಅದು ವಾಯುಭಾರ, ಗಿಡವಲ್ಲ. ಪಕ್ಕದಲ್ಲೇ ನೆರಳಿನಲ್ಲಿ ವಾಯುಭಾರ ಮಾಪಕವೊಂದನ್ನು ಇಟ್ಟು, ಎರಡರ ಗಡಿಯಾರ ಒಂದೇ ಸಮಯಕ್ಕೆ ಹೊಂದಿಸಿ, ಕಳೆಯಿರಿ.

ಕಳೆದ ಮೇಲೆ ಉಳಿದದ್ದು ನಿಜವಾದ ಸಂಕೇತ. ನೀರು ನೆಲದೊಳಗೆ ಇರುವಾಗ 1930ರ ದಶಕದಿಂದ ಬಳಕೆಯಲ್ಲಿರುವ ವೈಟ್ ವಿಧಾನದಿಂದ ಗಿಡ ಬಳಸಿದ ನೀರು ತಿಳಿಯುತ್ತದೆ. ನಡುರಾತ್ರಿಯಿಂದ ನಾಲ್ಕರವರೆಗೆ ನೀರು ಗಂಟೆಗೆ 1 ಮಿಲಿಮೀಟರ್ ಏರುತ್ತಿದ್ದು, ಇಡೀ ದಿನಕ್ಕೆ ಒಟ್ಟು 6 ಮಿಲಿಮೀಟರ್ ಇಳಿದಿದ್ದರೆ, 24 ಗಂಟೆಯ ಏರಿಕೆಗೆ ದಿನದ ಇಳಿತ ಕೂಡಿಸಿ: 24 + 6 = 30. ಇದನ್ನು ಮಣ್ಣಿನ ನೀರು ಬಿಡುವ ಗುಣಾಂಕ 0.2ರಿಂದ ಗುಣಿಸಿ: ದಿನಕ್ಕೆ 6 ಮಿಲಿಮೀಟರ್. ಗುಣಾಂಕವನ್ನು ಪುಸ್ತಕದಿಂದ ಎತ್ತಬೇಡಿ, ಮಳೆಯನ್ನೇ ಕೇಳಿ. 10 ಮಿಲಿಮೀಟರ್ ಮಳೆ ನೀರನ್ನು 50 ಮಿಲಿಮೀಟರ್ ಏರಿಸಿದರೆ 10 ÷ 50 = 0.2. ಪೀಟ್‌ನಲ್ಲಿ ಆಳಕ್ಕೆ ಹೋದಂತೆ ಇದು ಸಾಮಾನ್ಯವಾಗಿ ಕಡಿಮೆಯಾಗುತ್ತದೆ, ಮೇಲೆ ನೀರು ನಿಂತಾಗ 1 ಆಗುತ್ತದೆ. ಒಂದೇ ಅಂಕಿ ವರ್ಷವಿಡೀ ನಡೆಯುವುದಿಲ್ಲ.

ಪ್ರಶ್ನೆ: ಆಪು, ಅಂತರಗಂಗೆ ಕಿತ್ತುಹಾಕಿದರೆ ನೀರು ಉಳಿಯುತ್ತದೆಯೇ? ಇವು ಬರೀ ನೀರಿಗಿಂತ ಮೂರು ಪಟ್ಟು ನೀರು ಆವಿ ಮಾಡುತ್ತವೆ ಎಂದು ಕೇಳಿದ್ದೇವೆ.

ಉತ್ತರ: ಆ ‘ಮೂರು ಪಟ್ಟು’ ಬಂದದ್ದು ಚಿಕ್ಕ ತೊಟ್ಟಿಗಳ ಪ್ರಯೋಗದಿಂದ. ತೊಟ್ಟಿಯಲ್ಲಿ ಗಿಡ ಅಂಚಿನಾಚೆ ಚಾಚಿರುತ್ತದೆ, ಸುತ್ತಲಿನ ಒಣ ನೆಲದಿಂದ ಬಿಸಿ ಗಾಳಿ ನುಗ್ಗುತ್ತದೆ. ವಿಶಾಲ ಜೌಗಿನಲ್ಲಿ ಆವಿಯ ಮಿತಿಯನ್ನು ನಿಗದಿ ಮಾಡುವುದು ಶಕ್ತಿ. ಒಂದು ಮಿಲಿಮೀಟರ್ ನೀರು ಒಂದು ದಿನದಲ್ಲಿ ಆವಿಯಾಗಲು ಚದರ ಮೀಟರಿಗೆ ದಿನದ ಸರಾಸರಿ 28 ವ್ಯಾಟ್ ಬೇಕು. ನಿವ್ವಳ ವಿಕಿರಣದ ದಿನದ ಸರಾಸರಿ 150 ವ್ಯಾಟ್ ಇದ್ದರೆ ಐದು ಮಿಲಿಮೀಟರ್ ಚಿಲ್ಲರೆ. ಗಿಡವಿದ್ದರೂ ಇಲ್ಲದಿದ್ದರೂ ಅದರ ಆಸುಪಾಸೇ. ಗಿಡ ಕಿತ್ತ ಜಾಗದಲ್ಲಿ ತೆರೆದ ನೀರು ಅದೇ ಬಿಸಿಲು ಕುಡಿದು ಆವಿಯಾಗುತ್ತದೆ. ನೀರಿನ ಹರಿವು ಸರಾಗವಾಗಲೆಂದೋ ಮೀನಿಗೆ ಗಾಳಿ ಸಿಗಲೆಂದೋ ಕೀಳುವುದಾದರೆ ಸರಿ, ಆವಿ ಉಳಿಸುವ ಲೆಕ್ಕಕ್ಕೆ ಬೇಡ.

ಆವಿ ಎಂದರೆ ನಷ್ಟ ಎಂಬ ಎಣಿಕೆ ದೊಡ್ಡ ಯೋಜನೆಗಳನ್ನೂ ಹುಟ್ಟಿಸಿದೆ. ದಕ್ಷಿಣ ಸುಡಾನಿನ ಸುಡ್ ಜೌಗಿಗೆ ಬಂದ ಬಿಳಿ ನೈಲ್ ನೀರಿನಲ್ಲಿ ಸುಮಾರು ಅರ್ಧ ಅಲ್ಲೇ ಆವಿಯಾಗುತ್ತದೆ. ಜೌಗಿಗೆ ಹೋಗದಂತೆ ನೀರನ್ನು ಪಕ್ಕದಿಂದ ಸಾಗಿಸಲು 360 ಕಿಲೋಮೀಟರ್ ಉದ್ದದ ಜೊಂಗ್ಲೇ ಕಾಲುವೆಯನ್ನು 1978ರಲ್ಲಿ ತೋಡಲು ಶುರು ಮಾಡಿ, ಅಂತರ್ಯುದ್ಧದಿಂದಾಗಿ ಎಂಬತ್ತರ ದಶಕದ ಮೊದಲ ಭಾಗದಲ್ಲೇ ನಿಲ್ಲಿಸಲಾಯಿತು. ಬೋಟ್ಸ್‌ವಾನಾದ ಒಕವಾಂಗೊದಲ್ಲಂತೂ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಆವಿಯಾಗುತ್ತದೆ. ಅಲ್ಲಿಯ ನೀರು ಸಿಹಿಯಾಗಿ ಉಳಿದಿರುವುದೂ ಗಿಡಗಳಿಂದಲೇ: ದ್ವೀಪಗಳ ಮರಗಳು ನೀರನ್ನು ಎಳೆದುಕೊಂಡು ಉಪ್ಪನ್ನು ದ್ವೀಪದ ನಡುವೆ, ನೆಲದಡಿ ಬಿಡುತ್ತವೆ.

ಪ್ರಶ್ನೆ: ಮರದ ಕಾಂಡದಿಂದಲೂ ಮೀಥೇನ್ ಬರುತ್ತದೆಯೇ?

ಉತ್ತರ: ಬರುತ್ತದೆ, ಅದೂ ಸಣ್ಣ ಪ್ರಮಾಣದಲ್ಲಲ್ಲ. ಅಮೆಜಾನಿನ ನೆರೆಬಯಲಿನ ಮರಗಳಿಂದ ವರ್ಷಕ್ಕೆ 1.5ರಿಂದ 2.1 ಕೋಟಿ ಟನ್ ಮೀಥೇನ್ ಹೊರಬೀಳುತ್ತದೆ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಬುಡದಲ್ಲಿ ಹೆಚ್ಚು, ಮೇಲೆ ಹೋದಂತೆ ಕಡಿಮೆ. ನೆಲದ ಮೇಲೆ ಮಾತ್ರ ಡಬ್ಬಿ ಇಟ್ಟು ಜೌಗು ಕಾಡಿನ ಒಟ್ಟು ಮೀಥೇನ್ ಹೇಳಲು ಹೊರಟರೆ ಈ ಪಾಲು ಪೂರ್ತಿ ಬಿಟ್ಟುಹೋಗುತ್ತದೆ.

ಪ್ರಶ್ನೆ: ಬಸಿಗಾಲುವೆ ತೋಡಿ ಹಾಳಾದ ಪೀಟ್ ನೆಲವನ್ನು ಸರಿಪಡಿಸುವುದು ಹೇಗೆ?

ಉತ್ತರ: ಹಾಳಾಗುವುದು ಹೇಗೆ ಎನ್ನುವುದಕ್ಕೆ ಇಂಡೊನೇಷ್ಯಾದ ಮಧ್ಯ ಕಾಲಿಮಂತಾನ್ ಸಾಕ್ಷಿ. ಭತ್ತ ಬೆಳೆಯಲೆಂದು 1995ರ ನಂತರ ಸುಮಾರು ಹತ್ತು ಲಕ್ಷ ಹೆಕ್ಟೇರಿನಲ್ಲಿ ಸಾವಿರಾರು ಕಿಲೋಮೀಟರ್ ಕಾಲುವೆ ತೋಡಲಾಯಿತು. ಭತ್ತ ಬರಲಿಲ್ಲ. 1997ರ ಎಲ್‌ನಿನೊ ಬರದಲ್ಲಿ ಬೆಂಕಿ ಬಂತು. ಆ ವರ್ಷ ಇಂಡೊನೇಷ್ಯಾದ ಪೀಟ್ ಮತ್ತು ಕಾಡು ಉರಿದು 81 ಕೋಟಿಯಿಂದ 257 ಕೋಟಿ ಟನ್ ಇಂಗಾಲ ಗಾಳಿ ಸೇರಿತೆಂಬ ಅಂದಾಜಿದೆ. ಉರಿಯದ ಕಡೆಯೂ ನೆಲ ಸುಮ್ಮನಿಲ್ಲ. ವರ್ಷಕ್ಕೆ ಒಂದೆರಡು ಮಿಲಿಮೀಟರಿನಂತೆ ಬೆಳೆದ ಪೀಟ್, ಬಸಿದ ಮೇಲೆ ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ಕುಸಿಯುತ್ತದೆ. ಅದೇ ಮಧ್ಯ ಕಾಲಿಮಂತಾನಿನ ಪಳಂಕರಾಯ ನಗರದ ಸಮೀಪದ ಬಸಿದ ಜೌಗು ಕಾಡಿನಲ್ಲಿ ನಿಂತ ಗೋಪುರ 2002ರಿಂದ 2004ರ ಮೂರೂ ವರ್ಷ ನಿವ್ವಳ ಇಂಗಾಲ ಬಿಡುಗಡೆಯನ್ನೇ ತೋರಿಸಿತು, ಮರಗಳು ಹಸಿರಾಗಿ ನಿಂತಿದ್ದರೂ.

ಸರಿಪಡಿಸುವ ಕೆಲಸ ಎಂದರೆ ಕಾಲುವೆಗೆ ಅಡ್ಡಗಟ್ಟೆ. ಒಂದೇ ದೊಡ್ಡ ಗಟ್ಟೆ ಕಟ್ಟಬೇಡಿ. ಎರಡು ಬದಿಯ ನೀರಿನ ಎತ್ತರದ ವ್ಯತ್ಯಾಸ 25ರಿಂದ 30 ಸೆಂಟಿಮೀಟರ್ ಮೀರದಂತೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಬೇಕು. ನೆಲ ಕಿಲೋಮೀಟರಿಗೆ ಒಂದು ಮೀಟರ್ ಇಳಿಜಾರಿದ್ದರೆ 25 ಸೆಂಟಿಮೀಟರಿನ ಮೆಟ್ಟಿಲಿಗೆ 250 ಮೀಟರಿಗೊಂದು ಗಟ್ಟೆ. ಪೀಟ್ ದಿಬ್ಬದ ನೆತ್ತಿಯಿಂದ ಶುರು ಮಾಡಿ ಕೆಳಗೆ ಬನ್ನಿ. ಕೆಳಗಿನದ್ದು ಮೊದಲು ಕಟ್ಟಿದರೆ ಮೇಲಿನ ನೀರಿನ ರಭಸವೆಲ್ಲ ಅದೊಂದೇ ತಡೆಯಬೇಕು.

ತುಂಬಲು ಅಲ್ಲಿಯದೇ ಒದ್ದೆ ಪೀಟ್ ಬಳಸಿ ಗಟ್ಟಿಯಾಗಿ ಒತ್ತಿ. ಹೊರಗಿನಿಂದ ತಂದ ಭಾರದ ಮಣ್ಣು ತನ್ನ ತೂಕಕ್ಕೇ ಹೂತುಹೋಗುತ್ತದೆ. ಒಣಗಿದ ಪೀಟ್ ಮತ್ತೆ ನೀರು ಹೀರುವುದಿಲ್ಲ, ತೇಲಿಹೋಗುತ್ತದೆ. ಗಟ್ಟೆಯ ರೆಕ್ಕೆಗಳು ಎರಡೂ ದಂಡೆಯೊಳಗೆ ಕೆಲವು ಮೀಟರ್ ಹೋಗಲೇಬೇಕು, ಏಕೆಂದರೆ ಪೀಟ್ ಜರಡಿಯಂಥದ್ದು. ನೀರು ಗಟ್ಟೆಯ ಪಕ್ಕದಿಂದ ದಾರಿ ಕೊರೆದು ಒಂದೇ ಮಳೆಗಾಲದಲ್ಲಿ ಹೊಸ ಕಾಲುವೆ ಮಾಡಿಕೊಳ್ಳುತ್ತದೆ. ಹೆಚ್ಚಿನ ಗಟ್ಟೆಗಳು ಸೋಲುವುದು ನಡುವೆ ಅಲ್ಲ, ಈ ಬದಿಗಳಲ್ಲಿ. ತುಂಬಿ ಹರಿಯಲು ನಡುವೆ ತಗ್ಗು ಬಿಡಿ. ಮರದ ಗೂಟಗಳು ಸದಾ ನೀರಿನಡಿ ಇದ್ದರೆ ಬಾಳುತ್ತವೆ. ದೋಣಿಯಲ್ಲಿ ಓಡಾಡುವವರ ದಾರಿ ಅದೇ ಕಾಲುವೆಯಾದರೆ ಅವರನ್ನು ಕೇಳದೆ ಕಟ್ಟಿದ ಗಟ್ಟೆ ಬಹಳ ದಿನ ಉಳಿಯುವುದಿಲ್ಲ. ದೋಣಿ ಎಳೆದು ದಾಟಿಸುವ ಇಳಿಜಾರನ್ನು ನಕ್ಷೆಯಲ್ಲೇ ಸೇರಿಸಿ.

ಇಂಡೊನೇಷ್ಯಾದ ನಿಯಮ ನೀರು ನೆಲದಿಂದ 40 ಸೆಂಟಿಮೀಟರಿಗಿಂತ ಕೆಳಗೆ ಇಳಿಯಬಾರದು ಎನ್ನುತ್ತದೆ. ಬೆಂಕಿ ತಡೆಯಲು ಅದು ಒಳ್ಳೆಯ ಮಿತಿ. ಆದರೆ 40 ಸೆಂಟಿಮೀಟರ್ ಒಣ ಪೀಟ್ ಕೊಳೆಯುತ್ತಲೇ ಇರುತ್ತದೆ. ಇಂಗಾಲ ಉಳಿಯಬೇಕಾದರೆ ನೀರು ವರ್ಷದ ಬಹುಪಾಲು ನೆಲದ ಮಟ್ಟಕ್ಕೇ ಬರಬೇಕು. ಕಾಂಗೊ ನಡುಬಯಲಿನಲ್ಲಿ ಸುಮಾರು 3,000 ಕೋಟಿ ಟನ್ ಇಂಗಾಲದ ಪೀಟ್ ಇದೆಯೆಂದು ಗೊತ್ತಾದದ್ದು 2017ರಲ್ಲಿ. ಅಲ್ಲಿ ಸುಮಾರು 5,000ದಿಂದ 2,000 ವರ್ಷಗಳ ಹಿಂದೆ ಹವೆ ಒಣಗಿದಾಗ ಯಾರೂ ಕಾಲುವೆ ತೋಡದೆಯೂ ಮೀಟರುಗಟ್ಟಲೆ ಪೀಟ್ ಕರಗಿಹೋಯಿತು.

ಪ್ರಶ್ನೆ: ದಟ್ಟ ಕಾಡಿನ ಕೆಳಗೆ ನೀರು ನಿಂತಿದೆಯೇ ಎಂದು ಉಪಗ್ರಹದಿಂದ ತಿಳಿಯಬಹುದೇ?

ಉತ್ತರ: ಉದ್ದ ತರಂಗದ ರೇಡಾರಿನಿಂದ ಸಾಧ್ಯ. ಸುಮಾರು 24 ಸೆಂಟಿಮೀಟರ್ ತರಂಗಾಂತರದ ಎಲ್ ಬ್ಯಾಂಡ್ ಎಲೆಗಳನ್ನು ದಾಟಿ, ನೀರಿಗೆ ಬಡಿದು, ಕಾಂಡಕ್ಕೆ ಬಡಿದು ವಾಪಸಾಗುತ್ತದೆ. ನೀರು ನಿಂತ ಕಾಡು ಚಿತ್ರದಲ್ಲಿ ಹೊಳೆಯುತ್ತದೆ, ತೆರೆದ ನೀರು ಕಪ್ಪಾಗಿರುತ್ತದೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ, ನಾಸಾ ಮತ್ತು ಇಸ್ರೊ ಜಂಟಿಯಾಗಿ ರೂಪಿಸಿದ ನಿಸಾರ್ ಉಪಗ್ರಹದಲ್ಲಿ ಎಲ್ ಮತ್ತು (ಅದಕ್ಕಿಂತ ಚಿಕ್ಕ ತರಂಗದ) ಎಸ್ ಎರಡೂ ಬ್ಯಾಂಡ್ ಇವೆ, 12 ದಿನಕ್ಕೊಮ್ಮೆ ಅದೇ ಹಾದಿಗೆ ಮರಳುತ್ತದೆ. ಮೀಥೇನ್ ಅಂದಾಜುಗಳಲ್ಲಿನ ದೊಡ್ಡ ಅನಿಶ್ಚಿತತೆ ‘ಎಷ್ಟು ಜಾಗದಲ್ಲಿ ನೀರು ನಿಂತಿತ್ತು’ ಎಂಬುದೇ ಆದ್ದರಿಂದ ಇದರ ಬೆಲೆ ಬಹಳ.

ಪ್ರಶ್ನೆ: ಪೀಟ್ ಜೌಗಿನಿಂದ ಹೊರಡುವ ಹೊಳೆಯ ನೀರು ಚಹಾ ಡಿಕಾಕ್ಷನ್ನಿನಂತೆ ಕಂದು. ಅದು ಮಣ್ಣೇ?

ಉತ್ತರ: ಮಣ್ಣಲ್ಲ, ಕರಗಿದ ಇಂಗಾಲ. ಬಿಳಿ ಬಾಟಲಿಯಲ್ಲಿ ಹಿಡಿದು ಒಂದು ದಿನ ಬಿಟ್ಟು ನೋಡಿ, ತಳದಲ್ಲಿ ಏನೂ ಕೂರುವುದಿಲ್ಲ, ಬಣ್ಣವೂ ಮಾಸುವುದಿಲ್ಲ. ಗೋಪುರಕ್ಕೂ ಡಬ್ಬಿಗೂ ಕಾಣದೆ ನೀರಿನ ಜೊತೆ ಹೋಗುವ ಪಾಲಿದು. ಇಂಡೊನೇಷ್ಯಾದ ಅಳತೆಗಳಲ್ಲಿ ಕೆಡದ ಜೌಗು ಕಾಡಿನಿಂದ ವರ್ಷಕ್ಕೆ ಚದರ ಮೀಟರಿಗೆ 63 ಗ್ರಾಂ, ಕೆಟ್ಟದ್ದರಿಂದ 97 ಗ್ರಾಂ ಇಂಗಾಲ ಹೀಗೆ ಹೊರಟಿತ್ತು. ಕೆಡದ ಕಾಡಿನ ಹೊಳೆಯಲ್ಲಿದ್ದದ್ದು ಇತ್ತೀಚಿನ ಎಲೆಬೇರುಗಳ ಇಂಗಾಲ. ಕೆಟ್ಟ ಜಾಗದ್ದು ಶತಮಾನಗಳಿಂದ ಸಾವಿರಾರು ವರ್ಷಗಳವರೆಗೆ ಹಳೆಯದು, ಆಳದ ಪೀಟಿನಿಂದಲೇ ಬಂದದ್ದು. ನಿಮ್ಮ ಜೌಗಿನ ಇಂಗಾಲದ ಲೆಕ್ಕ ಬರೆಯುವಾಗ ಹೊರಹರಿವಿನ ಪ್ರಮಾಣವನ್ನೂ ಅದರಲ್ಲಿ ಕರಗಿದ ಇಂಗಾಲವನ್ನೂ ಕನಿಷ್ಠ ಎರಡು ವಾರಕ್ಕೊಮ್ಮೆ, ದೊಡ್ಡ ಮಳೆಯ ದಿನಗಳಲ್ಲಿ ಕೆಲವು ಗಂಟೆಗೊಮ್ಮೆ ಅಳೆಯಿರಿ. ಮಾದರಿಯನ್ನು ಅಲ್ಲೇ 0.45 ಮೈಕ್ರೊಮೀಟರ್ ಸೋಸುಕದಲ್ಲಿ ಸೋಸಿ, ಆಮ್ಲ ಹಾಕಿ, ಕತ್ತಲೆಯಲ್ಲಿ ತಂಪಾಗಿಡಿ; ಬಿಸಿಲಿಗೆ ಬಿಟ್ಟ ಬಾಟಲಿಯಲ್ಲಿ ಸಂಜೆಯ ಹೊತ್ತಿಗೇ ಒಂದಷ್ಟು ಇಂಗಾಲ ಅನಿಲವಾಗಿ ಹೋಗಿರುತ್ತದೆ.